ಗೋಡೆ ಕೊಟ್ಟ ಶಾಲೆ

ಕಲಾಶಾಲೆಗಳ ಸೌಲಭ್ಯದ ಮಾತು ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಯಾರಾದರೊಬ್ಬರು ಎದ್ದು ಶಾಂತಿನಿಕೇತನದ ಹೆಸರು ಹೇಳುತ್ತಾರೆ. ಅಲ್ಲಿ ಏನಿತ್ತು? ಒಂದು ಮರ, ಮರದ ನೆರಳು, ನೆರಳಲ್ಲಿ ಪಾಠ ಹೇಳುವ ಗುರು ನಂದಲಾಲ್ ಬೋಸ್. ಅಷ್ಟರಲ್ಲೇ ರಾಮಕಿಂಕರ್ ಬೈಜ್ ಬೆಳೆಯಲಿಲ್ಲವೇ, ಬಿನೋದ್ ಬಿಹಾರಿ ಮುಖರ್ಜಿ ಬೆಳೆಯಲಿಲ್ಲವೇ? ಸಭೆ ತಲೆದೂಗುತ್ತದೆ. ಸೋರುವ ಛಾವಣಿಯ ಬಗ್ಗೆ ಮನವಿ ಹಿಡಿದು ಬಂದ ವಿದ್ಯಾರ್ಥಿ ಹಿಂದಿನ ಸಾಲಿನಲ್ಲಿ ಕಾಗದ ಮಡಿಚಿ ಜೇಬಿಗಿಟ್ಟುಕೊಳ್ಳುತ್ತಾನೆ.

ಈ ಮಾತನ್ನು ಹೇಳುವವರು ಕಲೆಯನ್ನು ಪ್ರೀತಿಸುವವರೇ. ನಮ್ಮ ಹಿರಿಯ ವಿಮರ್ಶಕರಲ್ಲೂ ಹಲವರು ಇದನ್ನು ಬರೆದಿದ್ದಾರೆ. ಆದರೂ ಇದು ತಪ್ಪು. ಶಾಂತಿನಿಕೇತನದ ಕಲಾಭವನ ಬಡ ಶಾಲೆಯಾಗಿತ್ತು, ನಿಜ. ಸೌಲಭ್ಯವಿಲ್ಲದ ಶಾಲೆ ಅದು ಎಂದೂ ಆಗಿರಲಿಲ್ಲ. ನಮ್ಮ ಹೆಚ್ಚಿನ ಕಲಾಶಾಲೆಗಳು ಇಂದಿಗೂ ಕೊಡಲಾರದ ಸೌಲಭ್ಯಗಳನ್ನು ಅದು 1920ರ ದಶಕದಲ್ಲೇ ಕೊಟ್ಟಿತು. ಅವು ಯಾವುವು ಎಂದು ನೋಡದೆ ಮರದ ನೆರಳನ್ನಷ್ಟೇ ಹೊಗಳುವುದು ಕಲಾಭವನಕ್ಕೂ ಅನ್ಯಾಯ, ಇಂದಿನ ವಿದ್ಯಾರ್ಥಿಗಳಿಗೂ ಅನ್ಯಾಯ.

1919ರಲ್ಲಿ ಶುರುವಾದ ಕಲಾಭವನದ ಚರಿತ್ರೆ ಗೊತ್ತಿರುವಂಥದ್ದೇ. ಅದನ್ನು ಬಿಟ್ಟು ಒಂದು ಗೋಡೆಯ ಮುಂದೆ ನಿಲ್ಲೋಣ. ಶಾಂತಿನಿಕೇತನದ ಹಿಂದಿ ಭವನದ ಒಳಗೆ ಮೂರು ಗೋಡೆಗಳ ಮೇಲ್ಭಾಗದಲ್ಲಿ ಬಿನೋದ್ ಬಿಹಾರಿ 1946–47ರಲ್ಲಿ ಬರೆದ ಮಧ್ಯಯುಗದ ಸಂತರ ಭಿತ್ತಿಚಿತ್ರವಿದೆ. ಮೂರೂ ಗೋಡೆ ಸೇರಿ 70 ಅಡಿಗೂ ಮೀರಿದ ಉದ್ದ. ರಾಮಾನುಜ, ಕಬೀರ, ಸೂರದಾಸ, ತುಳಸೀದಾಸರು ಎತ್ತರದ ಆಕೃತಿಗಳಾಗಿ ಜನಸಾಗರದ ನಡುವೆ ಎದ್ದು ನಿಲ್ಲುತ್ತಾರೆ. ಸುತ್ತಲಿನ ಜನ ಗಾತ್ರದಲ್ಲಿ ಚಿಕ್ಕವರು, ಚಿತ್ರದಲ್ಲಿ ಅವರ ತೂಕ ಮಾತ್ರ ಕಡಿಮೆಯಲ್ಲ. ಇಡೀ ಚಿತ್ರ ನದಿಯಂತೆ ಒಂದು ಗೋಡೆಯಿಂದ ಇನ್ನೊಂದಕ್ಕೆ ಹರಿಯುತ್ತದೆ. ಇಪ್ಪತ್ತನೆಯ ಶತಮಾನದ ಭಾರತೀಯ ಚಿತ್ರಕಲೆಯಲ್ಲಿ ಇದರ ಸಮಕ್ಕೆ ನಿಲ್ಲುವ ಭಿತ್ತಿಚಿತ್ರ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

ಇದನ್ನು ಬರೆದಾತನಿಗೆ ಒಂದು ಕಣ್ಣು ಹುಟ್ಟಿನಿಂದಲೇ ಕಾಣುತ್ತಿರಲಿಲ್ಲ, ಇನ್ನೊಂದರ ದೃಷ್ಟಿ ತೀರಾ ಮಂದ. ಗೋಡೆಯಷ್ಟೇ ದೊಡ್ಡ ನಕ್ಷೆ ಬರೆದು ಅದನ್ನು ಗೋಡೆಗೆ ಇಳಿಸಿಕೊಳ್ಳುವ ರೂಢಿಯನ್ನೂ ಆತ ಕೈಬಿಟ್ಟಿದ್ದರು. ಸಣ್ಣ ಕರಡುಗಳನ್ನು ನೋಡಿಕೊಂಡು ನೇರವಾಗಿ ಹಸಿ ಗಾರೆಯ ಮೇಲೆ ಬರೆದರು. ವಿಮರ್ಶಕರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಕಲಾವಿದನ ಅಂತರ್ದೃಷ್ಟಿಗೆ ಕೈ ಮುಗಿದರೆ ಅವರ ಕೆಲಸ ಮುಗಿಯಿತು. ನನಗೆ ಆ ಗೋಡೆಯ ನಿಜವಾದ ಕಥೆ ಇಲ್ಲಿಂದ ಶುರುವಾಗುತ್ತದೆ ಅನ್ನಿಸುತ್ತದೆ.

ಹಸಿ ಗಾರೆಯ ಮೇಲೆ ಬರೆಯುವುದು ಎಂದರೇನು? ಸುಣ್ಣದ ಗಾರೆ ಒದ್ದೆಯಿರುವಾಗಲೇ ನೀರಿನಲ್ಲಿ ಅರೆದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ಅಂಟು ಬೇಡ, ವಾರ್ನಿಷ್ ಬೇಡ. ಆದರೆ ಹೊತ್ತು ಮೀರುವಂತಿಲ್ಲ. ಅಂದಂದಿಗೆ ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಜಾಗಕ್ಕೆ ಗಾರೆ ಮೆತ್ತಬೇಕು. ತಪ್ಪಿದರೆ ಆ ತುಂಡನ್ನು ಕೆತ್ತಿ ತೆಗೆದು ಮತ್ತೆ ಮೆತ್ತಬೇಕು. ಸುಣ್ಣವನ್ನು ಮೊದಲೇ ನೀರಿನಲ್ಲಿ ನೆನೆಹಾಕಿ ಹದಕ್ಕೆ ತಂದಿರಬೇಕು. ಮರಳು ಜರಡಿ ಹಿಡಿಯುವವರು, ಕರಣೆ ಹಿಡಿದು ನುಣುಪು ಮಾಡುವವರು, ಬಣ್ಣ ಅರೆಯುವವರು, ಹತ್ತಿ ನಿಲ್ಲಲು ಸಾರುವೆ ಕಟ್ಟುವವರು ಬೇಕು. ಇಷ್ಟು ಕೈಗಳಿಲ್ಲದೆ ಕಣ್ಣು ಮಂದವಾದ ಒಬ್ಬ ಮನುಷ್ಯ 70 ಅಡಿ ಗೋಡೆಯನ್ನು ತುಂಬಲಾರ. ಈ ಕ್ರಮದಲ್ಲಿ ಏಕಾಂಗಿ ಪ್ರತಿಭೆ ಎಂಬುದಕ್ಕೆ ಜಾಗವೇ ಇಲ್ಲ.

ಆ ಕೈಗಳು ಯಾರವು? ಸಹಾಯಕ್ಕೆ ನಿಂತವರಲ್ಲಿ ಕೆ.ಜಿ. ಸುಬ್ರಮಣ್ಯನ್ ಒಬ್ಬರು. ಎರಡು ವರ್ಷದ ಹಿಂದಷ್ಟೇ ಕಲಾಭವನಕ್ಕೆ ಬಂದಿದ್ದ ವಿದ್ಯಾರ್ಥಿ. ಗುರು ಬರೆಯುವ ಬಗೆಯನ್ನು ಪಾಠದ ಕೊಠಡಿಯಲ್ಲಿ ಕೂತು ಕೇಳುವುದಕ್ಕೂ, ಗುರುವಿನ ಕುಂಚ ಮುಟ್ಟಲಿರುವ ಗಾರೆಯ ಹದವನ್ನು ಬೆರಳಲ್ಲಿ ತಿಳಿಯುವುದಕ್ಕೂ ಬಹಳ ಅಂತರವಿದೆ. ಹೊತ್ತಿಗೂ ಗೆರೆಗೂ ಇರುವ ಸಂಬಂಧ ಅಲ್ಲಿ ಮೈಗೆ ಹತ್ತುತ್ತದೆ. ಮುಂದೆ ಇದೇ ಸುಬ್ರಮಣ್ಯನ್ 1963ರಲ್ಲಿ ಲಖನೌದ ರವೀಂದ್ರಾಲಯದ ಗೋಡೆಗೆ ಸುಟ್ಟಮಣ್ಣಿನ ಬೃಹತ್ ಉಬ್ಬುಚಿತ್ರ ಮಾಡಿದರು. ಮುದಿವಯಸ್ಸಿನಲ್ಲಿ ಕಲಾಭವನದ ಕಟ್ಟಡವೊಂದರ ಹೊರಮೈಯನ್ನೆಲ್ಲ ಕಪ್ಪು ಬಿಳುಪಿನಲ್ಲಿ ತುಂಬಿದರು. ಹಿಂದಿ ಭವನದ ಸಾರುವೆಯೇ ಅವರ ನಿಜವಾದ ತರಗತಿ ಎಂದರೆ ಉತ್ಪ್ರೇಕ್ಷೆಯಾಗದು.

ಹಾಗಾದರೆ ಶಾಲೆ ಕೊಟ್ಟದ್ದೇನು? ಒಂದು ಗೋಡೆ. ಅದೂ ತನ್ನದಲ್ಲದ, ಹಿಂದಿ ವಿಭಾಗದ ಗೋಡೆ. ಅದರ ಮೇಲೆ ಸುಣ್ಣ ಚೆಲ್ಲುವ ಅನುಮತಿ, ತಿಂಗಳುಗಟ್ಟಲೆ ಸಮಯ, ಸಾಮಗ್ರಿ, ಜನ. ಇದು ಆಕಸ್ಮಿಕ ಔದಾರ್ಯವಲ್ಲ, ಅಲ್ಲಿನ ಪದ್ಧತಿ. 1940ರಲ್ಲೇ ಬಿನೋದ್ ಬಿಹಾರಿ ಕಲಾಭವನದ ವಿದ್ಯಾರ್ಥಿನಿಲಯದ ಮೇಲ್ಛಾವಣಿಗೆ ಬೀರಭೂಮಿಯ ಹಳ್ಳಿಯ ಬದುಕನ್ನು ಬರೆದಿದ್ದರು. 1930ರ ದಶಕದ ಕಪ್ಪುಮನೆ ಕೂಡ ವಿದ್ಯಾರ್ಥಿನಿಲಯವೇ. ಅದರ ಮಣ್ಣಿನ ಗೋಡೆಗಳಲ್ಲಿ ಭಾರಹುತ್‌ನ, ಈಜಿಪ್ಟಿನ ಶಿಲ್ಪಗಳನ್ನು ನೋಡಿ ಮಾಡಿದ ಉಬ್ಬುಚಿತ್ರಗಳಿವೆ. ವಿದ್ಯಾರ್ಥಿಗಳೂ ಕೈ ಹಾಕಿ ಮಾಡಿದ ಈ ಚಿತ್ರಗಳಿಗೆ ಮಳೆ ತಡೆಯಲೆಂದು ಡಾಂಬರು ಬಳಿದರು. ಮಲಗುವ ಕೋಣೆಯ ಗೋಡೆಯೂ ಪಾಠವಾಗಿದ್ದ ಶಾಲೆ ಅದು.

ಇಲ್ಲಿ ನಮ್ಮ ಹಿರಿಯರು ರಾಮಕಿಂಕರರ 'ಸಂತಾಲ್ ಕುಟುಂಬ'ವನ್ನು ಮುಂದಿಡುತ್ತಾರೆ. 1938ರ ಆ ಶಿಲ್ಪದಲ್ಲಿ ಗಂಡಸಿನ ಹೆಗಲ ಮೇಲಿನ ಅಡ್ಡೆಯ ಒಂದು ಬುಟ್ಟಿಯಲ್ಲಿ ಮಗು ಕೂತಿದೆ, ಪಕ್ಕದಲ್ಲಿ ಹೆಂಡತಿ, ಕಾಲ ಬಳಿ ನಾಯಿ. ಕಬ್ಬಿಣದ ಹಂದರದ ಮೇಲೆ ಸಿಮೆಂಟಿಗೆ ಜಂಬಿಟ್ಟಿಗೆಯ ಹರಳು ಬೆರೆಸಿ ಮೆತ್ತಿದ್ದು. ಕಂಚಿಗೆ ದುಡ್ಡಿರಲಿಲ್ಲ, ಅದಕ್ಕೇ ಸಿಮೆಂಟು. ಅಭಾವವೇ ಶೈಲಿಯ ತಾಯಿ ಎಂಬುದು ಅವರ ವಾದ. ವಾದದ ಮೊದಲರ್ಧ ಒಪ್ಪಬಹುದು, ಕೊನೆಯ ಮಾತು ಒಪ್ಪಲಾಗದು. ಕಂಚಿಗೆ ದುಡ್ಡಿಲ್ಲದ ಶಾಲೆಗಳು ಆಗ ದೇಶದ ತುಂಬ ಇದ್ದವು, ಈಗಲೂ ಇವೆ. ಅಲ್ಲೆಲ್ಲ 'ಸಂತಾಲ್ ಕುಟುಂಬ' ಏಕೆ ಹುಟ್ಟಲಿಲ್ಲ? ಸಿಮೆಂಟು ಎಲ್ಲ ಊರಿನಲ್ಲೂ ಸಿಗುತ್ತದೆ. ಬಯಲಿನಲ್ಲಿ ಆಳೆತ್ತರ ಮೀರಿದ ಶಿಲ್ಪವನ್ನು ಯಾರೂ ಬಯಸಿ ಹೇಳದಿದ್ದರೂ ನಿಲ್ಲಿಸು, ಇದು ನಿನ್ನ ಅಂಗಳವೇ ಎಂದು ತರುಣ ಅಧ್ಯಾಪಕನಿಗೆ ಹೇಳುವ ಶಾಲೆ ಎಲ್ಲೂ ಸಿಗಲಿಲ್ಲ. ಅದೇ ರಾಮಕಿಂಕರರಿಗೆ ಮುಂದೆ ರಿಸರ್ವ್ ಬ್ಯಾಂಕು ಕೆಲಸ ಒಪ್ಪಿಸಿದಾಗ ದೆಹಲಿಯ ಯಕ್ಷ–ಯಕ್ಷಿಯರನ್ನು ಕಲ್ಲಿನಲ್ಲೇ ಮಾಡಿದರು. ಅಭಾವವನ್ನು ಅವರು ವ್ರತವಾಗಿ ಹಿಡಿದವರಲ್ಲ.

ಅಭಾವದ ವಾದಿಗಳು ಇನ್ನೊಂದು ಸಂಗತಿಯನ್ನೂ ಮರೆಯುತ್ತಾರೆ. ಬಾಂಕುರಾದ ವಿಗ್ರಹ ಮಾಡುವ ಕುಶಲಿಗಳಿಂದ ಮಣ್ಣಿನ ಕೆಲಸ ಕಲಿತು 1925ರಲ್ಲಿ ಬಂದ ರಾಮಕಿಂಕರರಿಗೆ ಕಲಾಭವನದಲ್ಲಿ ಯುರೋಪಿನ ಶಿಲ್ಪಿಗಳಾದ ಲೀಸಾ ಫಾನ್ ಪಾಟ್, ಮಾರ್ಗರೆಟ್ ಮಿಲ್ವರ್ಡ್ ಅವರ ಪಾಠ ಸಿಕ್ಕಿತು. ಸ್ಟೆಲ್ಲಾ ಕ್ರಾಮ್ರಿಶ್ ಯುರೋಪಿನ ಕಲಾಚರಿತ್ರೆಯ ಮೇಲೆ ಉಪನ್ಯಾಸ ಕೊಟ್ಟರು. ಜೈಪುರದ ಗಾರೆಚಿತ್ರದ ಕುಶಲಿ ನರಸಿಂಗಲಾಲ್ ಅವರನ್ನು ಕರೆಸಿಕೊಳ್ಳಲಾಯಿತು; ಅವರು ವಂಶಪಾರಂಪರ್ಯವಾಗಿ ಬಂದ ಆ ವಿದ್ಯೆಯನ್ನು ವಿದ್ಯಾರ್ಥಿಗಳ ಮುಂದೆ ಗೋಡೆಯ ಮೇಲೇ ತೋರಿಸಿಕೊಟ್ಟರು. ಇದೆಲ್ಲಕ್ಕೂ ಖರ್ಚಿದೆ, ಓಡಾಟವಿದೆ, ಪತ್ರವ್ಯವಹಾರವಿದೆ. ಅಷ್ಟು ದುಡಿಮೆಯನ್ನು 'ಮರದ ನೆರಳು' ಎಂದು ಕರೆದು ಮುಗಿಸುವುದು ನಂದಲಾಲರಿಗೆ ಮಾಡುವ ಅವಮಾನ.

ಕಲಾಭವನದಲ್ಲಿ ಕೊರತೆಗಳೂ ಇದ್ದವು. ಮಾದರಿಯನ್ನು ಕೂರಿಸಿಕೊಂಡು ದೇಹರಚನೆ ಕಲಿಯುವ ಕ್ರಮಕ್ಕೆ ನಂದಲಾಲರ ಬೆಂಬಲವಿರಲಿಲ್ಲ. ಬಯಲಿಗಿಟ್ಟ ಸಿಮೆಂಟು ಶಿಲ್ಪಗಳು ಮಳೆ ಬಿಸಿಲಿಗೆ ಸವೆದು ಕಡೆಗೆ ಅವುಗಳಿಗೆ ಮಾಡು ಹಾಕಬೇಕಾಯಿತು. ಆದರೆ ಈ ಕೊರತೆಗಳು ನನ್ನ ತೀರ್ಮಾನವನ್ನು ಬದಲಿಸುವುದಿಲ್ಲ.

ಅಭಾವವನ್ನು ಹೊಗಳುವ ಇದೇ ಕಥೆ ಕರ್ನಾಟಕದಲ್ಲೂ ಬೇರೆ ಹೆಸರಿನಲ್ಲಿ ನಡೆಯುತ್ತದೆ. ಆರ್.ಎಂ. ಹಡಪದ್ ಬೆಂಗಳೂರಿನಲ್ಲಿ 1960ರ ದಶಕದಲ್ಲಿ ಕಟ್ಟಿದ ಕೆನ್ ಕಲಾಶಾಲೆಯ ಬಗ್ಗೆ ಬರೆಯುವವರು 'ಏನೂ ಇಲ್ಲದೆ ಕಟ್ಟಿದರು' ಎಂಬಲ್ಲಿಗೇ ಬಂದು ಕಣ್ಣೊರೆಸಿಕೊಳ್ಳುತ್ತಾರೆ. ಒಬ್ಬ ಮೇಷ್ಟರ ಜೀವಮಾನವೆಲ್ಲ ಆ 'ಏನೂ ಇಲ್ಲ'ವನ್ನು ತುಂಬುವುದರಲ್ಲಿ ಸವೆದದ್ದನ್ನು ಹೊಗಳಿಕೆಯ ವಸ್ತು ಮಾಡಿಕೊಳ್ಳುವುದನ್ನು ನಾನು ಸಹಿಸಲಾರೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಕೆನ್‌ನಲ್ಲಿ ಕಲಿತು, ಅಲ್ಲಿಂದ ಶಾಂತಿನಿಕೇತನಕ್ಕೆ ಹೋಗಿ ಸುಬ್ರಮಣ್ಯನ್ ಅವರ ಬಳಿ ಓದಿ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜಿಗೆ ಹೋದರು. ಸಗಣಿ, ಕುಂಕುಮ, ದಾರಗಳನ್ನು ಕಲೆಯ ಸಾಮಗ್ರಿಯಾಗಿ ಜಗತ್ತಿಗೆ ತೋರಿಸಿದ ಈ ಕಲಾವಿದೆಯ ಹಿಂದೆ ಗುರುವೂ ಇದ್ದಾರೆ, ಗೋಡೆಯೂ ಇದೆ. ಗುರುವನ್ನು ನೆನೆದು ಗೋಡೆಯನ್ನು ಮರೆಯುವುದು ಅರ್ಧ ಚರಿತ್ರೆ.

ಕೆಲವು ವರ್ಷಗಳ ಹಿಂದೆ ಪರೀಕ್ಷಕನಾಗಿ ನಮ್ಮ ರಾಜ್ಯದ ಒಂದು ಕಲಾಶಾಲೆಗೆ ಹೋಗಿದ್ದೆ. ಮುದ್ರಣಕಲೆಯ ಕೋಣೆಯಲ್ಲಿ ಒಳ್ಳೆಯ ಎಚಿಂಗ್ ಪ್ರೆಸ್ ಇತ್ತು. ಉರುಳೆಯ ಮೇಲೆ ತುಕ್ಕಿನ ಪದರ, ಫೆಲ್ಟಿನ ಹೊದಿಕೆಯಲ್ಲಿ ಇಲಿ ಕಡಿದ ತೂತು. ಬೀಗದ ಕೈ ಕಚೇರಿಯ ಗುಮಾಸ್ತರ ಬಳಿ. ತಪಾಸಣೆಗೆ ಬಂದವರಿಗೆ ಮಾತ್ರ ಬಾಗಿಲು ತೆರೆಯುತ್ತಿತ್ತು. ದಾಖಲೆಯಲ್ಲಿ ಆ ಯಂತ್ರ ಒಂದು ಸೌಲಭ್ಯ. ಕೊನೆಯ ವರ್ಷದ ಹುಡುಗಿಯೊಬ್ಬಳು ತನ್ನ ಲಿನೋ ಫಲಕವನ್ನು ನೆಲದ ಮೇಲಿಟ್ಟು, ಕಾಗದ ಹಾಸಿ, ಊಟದ ಚಮಚದ ಬೆನ್ನಿನಿಂದ ಉಜ್ಜಿ ಮುದ್ರೆ ತೆಗೆದಿದ್ದಳು. ಮುದ್ರೆ ಚೆನ್ನಾಗಿತ್ತು. ಅದನ್ನು ನೋಡಿ ನನ್ನ ಜೊತೆಗಿದ್ದ ಹಿರಿಯರು, 'ನೋಡಿ, ಪ್ರತಿಭೆಗೆ ಯಂತ್ರ ಬೇಕಿಲ್ಲ' ಎಂದರು. ನನಗೆ ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆ ಹುಡುಗಿ ನಾಲ್ಕು ವರ್ಷ ಬೀಗದ ಆಚೆ ನಿಂತಿದ್ದಳು. ಅವಳ ಜಾಣತನ ಅವಳದು. ಬೀಗದ ಹೊಣೆ ನಮ್ಮದು.

ಯಂತ್ರ ಕೊಂಡು ಪಟ್ಟಿಗೆ ಸೇರಿಸಿದರೆ ಮುಗಿಯಿತು ಎನ್ನುವ ಆಡಳಿತವೂ, ಯಂತ್ರವೇ ಬೇಡ ಎನ್ನುವ ಭಾವುಕರೂ ಕೊನೆಗೆ ಒಂದೇ ಕೆಲಸ ಮಾಡುತ್ತಾರೆ. ವಿದ್ಯಾರ್ಥಿಯ ಕೈಗೂ ಸಾಮಗ್ರಿಗೂ ನಡುವಿನ ಬಾಗಿಲನ್ನು ಮುಚ್ಚಿಯೇ ಇಡುತ್ತಾರೆ. ಕಲಾಶಾಲೆಯೊಂದರ ಸೌಲಭ್ಯವನ್ನು ಅಳೆಯಲು ನನಗೆ ತಿಳಿದಿರುವುದು ಒಂದೇ ಅಳತೆ: ಸಂಜೆ ಐದರ ನಂತರ ಅಲ್ಲಿನ ಎಷ್ಟು ಬಾಗಿಲು ವಿದ್ಯಾರ್ಥಿಗೆ ತೆರೆದಿರುತ್ತವೆ, ಎಷ್ಟು ಗೋಡೆಯ ಮೇಲೆ ಅವನು ಕೈ ಇಡಬಹುದು.

ನಮ್ಮ ಕಲಾಶಾಲೆಗಳ ಪ್ರಾಂಶುಪಾಲರಲ್ಲಿ ಒಂದು ಕೋರಿಕೆ. ಈ ವರ್ಷ ಕಟ್ಟಡಕ್ಕೆ ಸುಣ್ಣ ಬಳಿಸುವ ಮುನ್ನ ಒಂದು ಗೋಡೆಯನ್ನು ಹಾಗೇ ಬಿಡಿ. ಒಬ್ಬ ಗಾರೆ ಮೇಸ್ತ್ರಿಯನ್ನು ಒಂದು ತಿಂಗಳ ಮಟ್ಟಿಗೆ ಮೇಷ್ಟರೆಂದು ಕರೆಯಿರಿ, ಅವರಿಗೆ ಮೇಷ್ಟರ ಸಂಬಳವನ್ನೇ ಕೊಡಿ. ಪ್ರೆಸ್ಸಿನ ಕೋಣೆಯ ಬೀಗದ ಕೈಯನ್ನು ಕೊನೆಯ ವರ್ಷದ ವಿದ್ಯಾರ್ಥಿಗಳ ವಶಕ್ಕೆ ಒಪ್ಪಿಸಿ. ಹಿಂದಿ ಭವನದಲ್ಲಿ ಗುರುವಿನ ಸಹಾಯಕ್ಕೆ ನಿಂತಾಗ ಸುಬ್ರಮಣ್ಯನ್‌ಗೆ ಇಪ್ಪತ್ತೆರಡು–ಇಪ್ಪತ್ತಮೂರು ವರ್ಷ. ನಿಮ್ಮ ಶಾಲೆಯ ಹುಡುಗ ಹುಡುಗಿಯರಿಗೂ ಈಗ ಅದೇ ವಯಸ್ಸು.