ಬೆನ್ನುಚೀಲದ ಪ್ರವಾಸಕಥನ: ಒಂದು ವಿಚಾರ

ಪ್ರವಾಸ ಸಾಹಿತ್ಯವನ್ನು ನಮ್ಮ ವಿಮರ್ಶಕರು ಹೊರಜಗಲಿಯಲ್ಲಿ ಕೂರಿಸಿ ಬಹುಕಾಲವಾಯಿತು. ಕಾದಂಬರಿಯನ್ನೂ ಕವನವನ್ನೂ ಒರೆಗೆ ಹಚ್ಚಿ ನೋಡುವವರು, ಪ್ರವಾಸಕಥನ ಕೈಗೆ ಬಂದಾಗ ‘ಮಾಹಿತಿಪೂರ್ಣವಾಗಿದೆ, ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ’ ಎಂದು ಎರಡು ಮಾತಾಡಿ ಬದಿಗಿಡುತ್ತಾರೆ. ಈ ಔದಾರ್ಯದಿಂದ ಆ ಪ್ರಕಾರಕ್ಕೆ ಯಾವ ಉಪಕಾರವೂ ಆಗಿಲ್ಲ. ಪರದೇಶದ ಜನರನ್ನು ಕುರಿತು ಬರೆಯುವವನು ತನಗೆ ಎದುರುತ್ತರ ಕೊಡಲಾರದವರನ್ನು ಕುರಿತು ಬರೆಯುತ್ತಾನೆ. ಅವನ ಪುಸ್ತಕ ಅವರ ಕೈ ಸೇರುವುದಿಲ್ಲ. ಸೇರಿದರೂ ಅದರ ಭಾಷೆ ಅವರಿಗೆ ತಿಳಿಯದು. ಆದ್ದರಿಂದ ಅವನು ನ್ಯಾಯವಾಗಿ ನೋಡಿದ್ದಾನೆಯೇ ಎಂದು ಕೇಳುವ ಹೊಣೆ ಓದುಗನ ಮೇಲೆಯೇ ಬೀಳುತ್ತದೆ.

ಈ ಮಾತನ್ನು ಈಗ ಎತ್ತಲು ಕಾರಣವುಂಟು. ಬೆಂಗಳೂರಿನಿಂದ ಬ್ಯಾಂಕಾಕಿಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. 2023ರ ನವೆಂಬರಿನಲ್ಲಿ ಥಾಯ್ಲೆಂಡ್ ಸರ್ಕಾರ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟ ಮೇಲೆ, ಬೆನ್ನಿಗೊಂದು ಚೀಲ ಏರಿಸಿ ಗೆಳೆಯರ ಗುಂಪು ಕಟ್ಟಿಕೊಂಡು ಹೊರಡುವ ತರುಣರು ನಮ್ಮಲ್ಲಿ ಹೆಚ್ಚಾಗಿದ್ದಾರೆ. ಬ್ಯಾಂಕಾಕ್, ಚಿಯಾಂಗ್ ಮಾಯ್, ಲುವಾಂಗ್ ಪ್ರಬಾಂಗ್, ಹನೋಯ್, ಅಲ್ಲಿಂದ ಉತ್ತರಕ್ಕೆ ಸಾಪಾದ ಬೆಟ್ಟಗಳು—ಇದು ಸಾಮಾನ್ಯವಾಗಿ ಅವರು ಹಿಡಿಯುವ ಹಾದಿ. ಬಂದವರಲ್ಲಿ ಕೆಲವರು ಬರೆಯುತ್ತಲೂ ಇದ್ದಾರೆ. ನಾನೂ ಮೂವರು ಸಹೋದ್ಯೋಗಿಗಳೊಡನೆ ಒಂದು ಬೇಸಿಗೆ ರಜೆಯಲ್ಲಿ ಇದೇ ಹಾದಿಯಲ್ಲಿ ಹೋಗಿ ಬಂದವನು. ಆ ಯಾತ್ರೆಯ ವರದಿ ಒಪ್ಪಿಸುವುದು ಇಲ್ಲಿನ ಉದ್ದೇಶವಲ್ಲ. ಆ ಹಾದಿಯನ್ನು ಪುಸ್ತಕಗಳು ಹೇಗೆ ಕಂಡಿವೆ, ನಾವು ಹೇಗೆ ಕಾಣಬೇಕು ಎಂಬುದೇ ಪ್ರಶ್ನೆ.

ಮೊದಲು ಹೇಳಬೇಕಾದದ್ದು, ಆ ಹಾದಿಯೇ ಒಂದು ಪುಸ್ತಕದಿಂದ ಹುಟ್ಟಿತೆಂಬುದು. ಟೋನಿ ಮತ್ತು ಮೌರೀನ್ ವೀಲರ್ ದಂಪತಿಗಳು ಸಿಂಗಪುರದ ಅಗ್ಗದ ಹೋಟೆಲೊಂದರಲ್ಲಿ ಕುಳಿತು ಸಿದ್ಧಪಡಿಸಿದ ‘ಸೌತ್ ಈಸ್ಟ್ ಏಷ್ಯಾ ಆನ್ ಎ ಶೂಸ್ಟ್ರಿಂಗ್’ 1975ರಲ್ಲಿ ಹೊರಬಂತು. ಅದು ಸಾಹಿತ್ಯವಲ್ಲ, ಕೈಪಿಡಿ. ಆದರೂ ಅದರ ಪ್ರಭಾವ ಎಷ್ಟೋ ಸಾಹಿತ್ಯ ಗ್ರಂಥಗಳಿಗಿಲ್ಲ. ಅಗ್ಗದ ಹಾಸಿಗೆ ಎಲ್ಲಿ, ಬಸ್ಸು ಎಲ್ಲಿಂದ, ಊಟಕ್ಕೆ ಎಷ್ಟು ಎಂದು ಅದು ಹೇಳಿದ ಕಡೆಗೇ ಜನ ಹೋದರು. ಜನ ಹೋದ ಕಡೆಗೇ ಅಂಗಡಿಗಳೂ ಎದ್ದವು. ಬ್ಯಾಂಕಾಕಿನ ಖಾವ್ ಸಾನ್ ಬೀದಿ ಒಂದು ಕಾಲಕ್ಕೆ ಅಕ್ಕಿ ಮಾರುವ ಪೇಟೆ. ಆ ಹೆಸರಿನ ಅರ್ಥವೇ ಅಕ್ಕಿ. 1980ರ ದಶಕದಿಂದ ಅದು ಪ್ರವಾಸಿಗಳ ಛತ್ರವಾಯಿತು. ಕೈಪಿಡಿಯನ್ನು ಹಿಡಿದು ಹೊರಟವನು ಹೊಸದನ್ನು ಕಂಡೆನೆಂದುಕೊಂಡರೂ, ಬಹುಮಟ್ಟಿಗೆ ತನಗಿಂತ ಮುಂಚೆ ಬಂದವರ ಹೆಜ್ಜೆಯನ್ನೇ ಕಾಣುತ್ತಾನೆ.

ಈ ವಿಪರ್ಯಾಸವನ್ನೇ ವಸ್ತುವಾಗಿಸಿಕೊಂಡದ್ದು ಅಲೆಕ್ಸ್ ಗಾರ್ಲೆಂಡರ ‘ದಿ ಬೀಚ್’ (1996) ಎಂಬ ಕಾದಂಬರಿ. ಖಾವ್ ಸಾನ್ ಬೀದಿಯ ವಸತಿಯಲ್ಲಿ ಇಂಗ್ಲೆಂಡಿನ ತರುಣನೊಬ್ಬನಿಗೆ ಗುಪ್ತ ದ್ವೀಪವೊಂದರ ನಕ್ಷೆ ಸಿಕ್ಕುತ್ತದೆ. ಪ್ರವಾಸಿಗಳ ಕಣ್ಣಿಗೆ ಬೀಳದ ಕಡಲತೀರದಲ್ಲಿ, ಪ್ರವಾಸಿಗಳೇ ಕಟ್ಟಿಕೊಂಡ ಒಂದು ಗುಂಪನ್ನು ಅವನು ಸೇರುತ್ತಾನೆ. ಆ ಸ್ವರ್ಗ ಹಿಂಸೆಯಲ್ಲಿ ಮುಗಿಯುತ್ತದೆ. ತಾವು ಯಾರಿಂದ ಸ್ಥಳವನ್ನು ಬಚ್ಚಿಡುತ್ತಿದ್ದಾರೋ ಅಂಥವರೇ ತಾವೂ ಎಂಬುದು ಆ ಪಾತ್ರಗಳಿಗೆ ತಿಳಿಯದು, ಓದುಗನಿಗೆ ತಿಳಿಯುತ್ತದೆ. ಅಷ್ಟರಮಟ್ಟಿಗೆ ಅದು ಸತ್ತ್ವವುಳ್ಳ ಕೃತಿ. ಆದರೆ ಅದರಲ್ಲಿ ಥಾಯ್ ಜನ ಎಲ್ಲಿ? ಹೆಚ್ಚಾಗಿ ಗಾಂಜಾ ತೋಟದ ಬಂದೂಕುಧಾರಿ ಕಾವಲುಗಾರರಾಗಿ. ನಾಯಕನ ತಲೆಯಲ್ಲಿ ವಿಯೆಟ್ನಾಮ್ ಯುದ್ಧದ ಚಲನಚಿತ್ರಗಳು ಓಡುತ್ತಿರುತ್ತವೆ. ಎದುರಿಗಿರುವ ದೇಶ ಅವನಿಗೆ ಕಾಣುವುದೇ ಇಲ್ಲ. ಗಾರ್ಲೆಂಡರು ತಮ್ಮವರನ್ನು ಚೆನ್ನಾಗಿ ವಿಡಂಬಿಸಿದರು, ಅಲ್ಲಿಯವರನ್ನು ಬರೆಯಲಿಲ್ಲ. ಕಥೆಯ ಮುಂದಿನ ಅಧ್ಯಾಯವನ್ನು ಲೋಕವೇ ಬರೆಯಿತು. 2000ದಲ್ಲಿ ತೆರೆಕಂಡ ಅದರ ಚಲನಚಿತ್ರವನ್ನು ತೆಗೆದ ಮಾಯಾ ಕೊಲ್ಲಿಗೆ ಜನ ನುಗ್ಗಿ, ಹವಳದ ದಿಬ್ಬಗಳು ಹಾಳಾಗಿ, 2018ರ ಜೂನಿನಲ್ಲಿ ಸರ್ಕಾರ ಅದನ್ನು ಮುಚ್ಚಬೇಕಾಯಿತು. ಮತ್ತೆ ತೆರೆದದ್ದು 2022ರ ಜನವರಿಯಲ್ಲಿ.

ಇದಕ್ಕೆ ಎದುರಾಗಿ ನಾರ್ಮನ್ ಲೂಯಿಸರ ‘ಎ ಡ್ರ್ಯಾಗನ್ ಅಪ್ಯಾರೆಂಟ್’ (1951) ಗ್ರಂಥವನ್ನು ಇಟ್ಟು ನೋಡಬೇಕು. ಫ್ರೆಂಚರ ಆಳ್ವಿಕೆ ಕುಸಿಯುತ್ತಿದ್ದ ಕಾಲದಲ್ಲಿ ವಿಯೆಟ್ನಾಮ್, ಲಾವೋಸ್, ಕಾಂಬೋಡಿಯಗಳಲ್ಲಿ ಅವರು ಸುತ್ತಿದರು. ಪ್ರಯಾಣಕ್ಕೆ ಫ್ರೆಂಚ್ ಅಧಿಕಾರಿಗಳ ಮತ್ತು ಸೈನ್ಯದ ವಾಹನಗಳ ಆಸರೆ. ಆದರೂ ಕಣ್ಣನ್ನು ಅವರಿಗೆ ಒತ್ತೆಯಿಡಲಿಲ್ಲ. ವಿಯೆಟ್ನಾಮಿನ ನಡುಬೆಟ್ಟಗಳಲ್ಲಿ ಅವರು ಉದ್ದಮನೆಗಳ ಬುಡಕಟ್ಟು ಜನರನ್ನು ಕಂಡರು. ಹರವಿಯಿಂದ ಕೊಳವೆಯಲ್ಲಿ ಅಕ್ಕಿಯ ಮದ್ಯ ಹೀರುವ ಸಮಾರಂಭಗಳಲ್ಲಿ ಕುಳಿತರು. ಅದನ್ನು ಬರೆಯುವಾಗ ಅವರ ಹಾಸ್ಯಕ್ಕೆ ಗುರಿಯಾಗುವವರು ಹೆಚ್ಚಾಗಿ ಅತಿಥಿಗಳು, ಆತಿಥೇಯರಲ್ಲ. ಅದೇ ಜನರನ್ನು ರಬ್ಬರು ತೋಟಗಳಿಗೆ ಬಲವಂತದ ದುಡಿಮೆಗೆ ಎಳೆಯುತ್ತಿದ್ದುದನ್ನೂ ಅವರು ದಾಖಲೆ ಮಾಡಿದರು. ಬೆಟ್ಟದ ಸೌಂದರ್ಯವನ್ನೂ ಬೆಟ್ಟದವರ ಬವಣೆಯನ್ನೂ ಒಂದೇ ಪುಟದಲ್ಲಿಡುವ ಧೈರ್ಯ ಅವರಿಗಿತ್ತು. ಈ ಸಮದೃಷ್ಟಿಯೇ ಪ್ರವಾಸಕಥನದ ಜೀವಾಳವೆಂದು ನಾನು ತಿಳಿದಿದ್ದೇನೆ.

ಬೆಟ್ಟದವರನ್ನು ಕುರಿತು ನಮ್ಮ ಪ್ರವಾಸಿಗಳು ಬಳಸುವ ಮಾತು ಒಂದುಂಟು: ‘ಕಾಲ ನಿಂತುಹೋದ ಊರು’. ಕೇಳಲು ಇಂಪಾಗಿದೆ, ನಿಜವಲ್ಲ. ಜೇಮ್ಸ್ ಸ್ಕಾಟ್ ಎಂಬ ವಿದ್ವಾಂಸರು 2009ರ ತಮ್ಮ ಗ್ರಂಥದಲ್ಲಿ ‘ಜೋಮಿಯಾ’ ಎಂದು ಕರೆದ ಈ ಎತ್ತರದ ನಾಡು ಸುಮಾರು 25 ಲಕ್ಷ ಚದರ ಕಿಲೋಮೀಟರಿನದು. ಅಲ್ಲಿನವರು ಹಿಂದುಳಿದು ಉಳಿದವರಲ್ಲ, ಬಯಲಿನ ರಾಜರ ಕಂದಾಯ, ಬಿಟ್ಟಿದುಡಿಮೆ, ಗುಲಾಮಗಿರಿಗಳಿಂದ ತಪ್ಪಿಸಿಕೊಂಡು ಬೆಟ್ಟವೇರಿದವರು ಎಂಬುದು ಅವರ ವಾದ. ಎರಡನೆಯ ಮಹಾಯುದ್ಧದ ಈಚಿನ ಕಾಲಕ್ಕೆ ಈ ಮಾತು ಸಲ್ಲದೆಂದು ಅವರೇ ಹೇಳಿದ್ದಾರೆ. ವಾದವನ್ನು ಒಪ್ಪದ ಪಂಡಿತರೂ ಇದ್ದಾರೆ. ಏನೇ ಇರಲಿ, ಇದನ್ನು ಒಮ್ಮೆ ಓದಿದವನು ಬೆಟ್ಟದ ಗುಡಿಸಲನ್ನು ಚಿತ್ರದಂತೆ ನೋಡಲಾರ. ಅದಕ್ಕೊಂದು ಚರಿತ್ರೆಯಿದೆಯೆಂದು ಅವನಿಗೆ ಹೊಳೆಯುತ್ತದೆ. ಇಂದಿನ ಸಾಪಾವನ್ನೇ ನೋಡಿ. ಅದು ಫ್ರೆಂಚರು ತಂಪಿಗಾಗಿ ಬೆಳೆಸಿದ ಗಿರಿಧಾಮ. ಪಕ್ಕದ ಫಾನ್‌ಸಿಪಾನ್ ಶಿಖರಕ್ಕೆ 2016ರಿಂದ ತೂಗುತೊಟ್ಟಿಲ ಹಾದಿಯಿದೆ. ಅಲ್ಲಿ ನೀಲಿ ಬಟ್ಟೆ ಮಾರಲು ಬಂದ ಹ್ಮಾಂಗ್ ಹೆಂಗಸೊಬ್ಬಳು ನಮ್ಮೊಡನೆ ಸಲೀಸಾಗಿ ಇಂಗ್ಲಿಷಿನಲ್ಲಿ ಮಾತಾಡಿದಳು. ಶಾಲೆಯಲ್ಲಿ ಕಲಿತದ್ದಲ್ಲ, ಪ್ರವಾಸಿಗಳ ಬಾಯಿಂದ ಕಲಿತದ್ದೆಂದಳು. ನಾವು ನಾಲ್ವರಲ್ಲಿ ಯಾರು ಕೊಳ್ಳುವವರು, ಯಾರು ಬರಿಯ ಮಾತಿನವರು ಎಂಬುದು ಅವಳಿಗೆ ಎರಡು ನಿಮಿಷದಲ್ಲಿ ತಿಳಿದಿತ್ತು. ಕಾಲ ನಿಂತಿರುವುದು ಅಲ್ಲಿ ಅಲ್ಲ, ನಮ್ಮ ವರ್ಣನೆಯಲ್ಲಿ.

ಭಾರತೀಯ ಪ್ರವಾಸಿಗೆ ಇನ್ನೊಂದು ಎಡರಿದೆ, ಅದು ಯುರೋಪಿನವನಿಗಿಲ್ಲ. ಕಂಡದ್ದೆಲ್ಲ ‘ನಮ್ಮದು’ ಎನ್ನಿಸುವುದು. ಬ್ಯಾಂಕಾಕಿನ ವಾಟ್ ಫ್ರಾ ಕಾಯೋ ಗುಡಿಯ ಮೊಗಸಾಲೆಯಲ್ಲಿ ರಾಮಕಥೆಯ 178 ಭಿತ್ತಿಚಿತ್ರಗಳಿವೆ. ಹನುಮಂತನನ್ನು ಕಂಡು ಕೈಮುಗಿದು ‘ಇಲ್ಲಿಯೂ ನಮ್ಮ ಸಂಸ್ಕೃತಿ!’ ಎಂದು ಉಬ್ಬುವವರುಂಟು. ಆದರೆ ಥಾಯ್ ರಾಮಕಿಯೆನ್‌ನ ಹನುಮಂತ ಬ್ರಹ್ಮಚಾರಿಯಲ್ಲ. ಮತ್ಸ್ಯಕನ್ಯೆಯನ್ನು ಒಲಿಸಿಕೊಂಡ ರಸಿಕ. ಏಕೆ ಹೀಗೆ ಎಂಬ ಪ್ರಶ್ನೆಯಿಂದ ನಿಜವಾದ ಪ್ರವಾಸ ಆರಂಭವಾಗಬೇಕು. ನಮ್ಮ ಕಥನಗಳು ಬಹುಪಾಲು ಕೈಮುಗಿದಲ್ಲಿಗೇ ನಿಲ್ಲುತ್ತವೆ. 1927ರಲ್ಲಿ ರವೀಂದ್ರನಾಥ ಠಾಕೂರರು ಸುನೀತಿಕುಮಾರ ಚಟರ್ಜಿ ಮೊದಲಾದ ಸಂಗಡಿಗರೊಡನೆ ಮಲಯ, ಜಾವಾ, ಬಾಲಿ, ಸಯಾಮ್‌ಗಳಿಗೆ ಹೋದಾಗ ‘ಬೃಹತ್ತರ ಭಾರತ’ದ ಕಲ್ಪನೆ ಕಲ್ಕತ್ತೆಯಲ್ಲಿ ಪ್ರಬಲವಾಗಿತ್ತು. ಆದರೂ ಜಾವಾದ ನರ್ತನವನ್ನು ಅವರು ಬೆರಗಿನಿಂದ ನೋಡಿದರು. ಅಲ್ಲಿನ ಬಾಟಿಕ್ ಕಲೆ ಶಾಂತಿನಿಕೇತನಕ್ಕೆ ಬಂತು. ಹಳೆಯ ಕಾಣಿಕೆಯ ಗುರುತನ್ನು ಅರಸಿ ಹೋದವರು ಹೊಸ ಕಾಣಿಕೆಯನ್ನು ಪಡೆದು ಬಂದರು.

ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಪ್ರವಾಸಿಯ ಮೊದಲ ಅಲಂಕಾರ ಉಪಮೆ. ಸಾಪಾದ ಮಂಜನ್ನು ಕಂಡೊಡನೆ ನನ್ನ ಸ್ನೇಹಿತರೊಬ್ಬರು, ‘ಏನು ಮೇಷ್ಟ್ರೇ, ನಮ್ಮ ಮಡಿಕೇರಿ ಇದ್ದ ಹಾಗೇ ಇದೆಯಲ್ಲ!’ ಎಂದರು. ಅದು ಸಹಜ, ಉಪಮೆಯಿಲ್ಲದೆ ಪರಸ್ಥಳ ಬುದ್ಧಿಗೆ ಎಟುಕದು. ಆದರೆ ಉತ್ತಮ ಪ್ರವಾಸಕಥನ ಉಪಮೆಯಿಂದ ವ್ಯತಿರೇಕಕ್ಕೆ ನಡೆಯುತ್ತದೆ: ಯಾವುದರಲ್ಲಿ ಇದು ಮಡಿಕೇರಿಯಲ್ಲ ಎಂದು ಕೇಳುತ್ತದೆ. ಗೆಳೆಯರ ಗುಂಪು ಈ ನಡಿಗೆಗೆ ಎಷ್ಟೋ ಸಲ ಅಡ್ಡಿ. ನಾಲ್ವರು ಕೂಡಿದಲ್ಲಿ ಊರನ್ನೇ ಕಟ್ಟಿಕೊಂಡು ಹೋದಂತೆ. ತಮಾಷೆ, ಜಗಳ, ಉಪ್ಪಿನಕಾಯಿಗಳ ನಡುವೆ ಹೊರಗಿನವರಿಗೆ ಜಾಗವಿರುವುದಿಲ್ಲ. ಈಗ ಬರುತ್ತಿರುವ ಅನೇಕ ಬರಹಗಳಲ್ಲಿ ‘ನಾವು’ ಎಂಬುದೊಂದೇ ಪಾತ್ರ.

ಗುಂಪಿನಲ್ಲಿ ಹೋಗಿ ಒಳ್ಳೆಯದನ್ನು ಬರೆಯಲಾಗದೆಂದಲ್ಲ. ಬಿ. ಜಿ. ಎಲ್. ಸ್ವಾಮಿಯವರ, 1978ರ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆದ ‘ಹಸುರು ಹೊನ್ನು’ ನಮ್ಮ ಮುಂದೆಯೇ ಇದೆ. ಅಲ್ಲಿಯೂ ವಿದ್ಯಾರ್ಥಿಗಳ ತಂಡವಿದೆ, ಕಾಡಿದೆ, ಹಾಸ್ಯಕ್ಕೆ ಕೊರತೆಯಿಲ್ಲ. ಆದರೆ ಎಲ್ಲರ ಕಣ್ಣೂ ಗಿಡದ ಮೇಲಿದೆ. ಮಾತು ಎಷ್ಟು ಅಲೆದರೂ ಗಿಡಕ್ಕೇ ಹಿಂತಿರುಗುತ್ತದೆ. ಸಂಗಡಿಗರು ನೋಟಕ್ಕೆ ಮರೆಯಾಗದೆ ಇನ್ನಷ್ಟು ಕಣ್ಣುಗಳಾದರು. ಕಾಡಿನ ಗಿಡಕ್ಕೆ ಸ್ವಾಮಿಯವರು ಕೊಟ್ಟ ಗಮನವನ್ನು ಲಾವೋಸಿನ ದೋಣಿಯವನಿಗೆ, ಸಾಪಾದ ನೇಯ್ಗೆಯವಳಿಗೆ ನಮ್ಮ ತರುಣ ಲೇಖಕರು ಕೊಡಬೇಕೆಂದು ಕೇಳುವುದು ಹೆಚ್ಚಿನ ಬೇಡಿಕೆಯಲ್ಲ. ಚೀಲ ಹೊತ್ತು ಹೊರಡುವ ಉತ್ಸಾಹ ಅವರಲ್ಲಿದೆ. ಹೊರಡುವ ಮುನ್ನ ಆ ನಾಡಿನ ಚರಿತ್ರೆಯ ಒಂದು ಪುಸ್ತಕವನ್ನಾದರೂ ಓದಲಿ, ಅಲ್ಲಿನ ನುಡಿಯ ಹತ್ತು ಮಾತನ್ನಾದರೂ ಕಲಿಯಲಿ. ಅಂಥವರು ಬರೆದ ಗ್ರಂಥ ಬಂದ ದಿನ, ಪ್ರವಾಸ ಸಾಹಿತ್ಯವನ್ನು ಜಗಲಿಯಿಂದ ಒಳಮನೆಗೆ ಕರೆಯದೆ ನಮ್ಮ ವಿಮರ್ಶಕರಿಗೂ ವಿಧಿಯಿರುವುದಿಲ್ಲ.