ಸಮುದ್ರವರ್ಣನೆಯಿಂದ ಸಮುದ್ರಯಾನಕ್ಕೆ

ಚಂಪೂಕವಿಗಳಿಗೆ ಸಮುದ್ರವು ಅಷ್ಟಾದಶ ವರ್ಣನೆಗಳಲ್ಲಿ ಒಂದು. ಕರಾವಳಿಯಿಂದ ಬಹುದೂರದ ಯಳಂದೂರಿನಲ್ಲಿ ನೆಲೆಸಿದ್ದ ಷಡಕ್ಷರದೇವನಿಗೂ ಅದು ಪರಂಪರೆಯಿಂದ ಬಂದ ಸೊತ್ತು. ಕಡಲನ್ನು ಕಾಣದ ಕವಿಯೂ ಅದನ್ನು ವರ್ಣಿಸಬಹುದಾಗಿತ್ತು. 1936ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದ ವಿ. ಕೃ. ಗೋಕಾಕರ ಸ್ಥಿತಿ ಬೇರೆ. ಮುಂಬಯಿಯಿಂದ ಏಡನ್, ಸೂಯೆಜ್, ಪೋರ್ಟ್ ಸೈದ್‌ಗಳ ಮಾರ್ಗವಾಗಿ ಸಾಗುತ್ತಿದ್ದ ಅಂದಿನ ಹಡಗುಗಳಲ್ಲಿ ಪಯಣಿಗನಿಗೆ ಕಡಲೇ ಮನೆ, ಬಂದರು ಅರೆಗಳಿಗೆಯ ನೆಂಟ. 1940ರ ‘ಸಮುದ್ರಗೀತೆಗಳು’ ಈ ಅನುಭವದ ಫಲ. ಅಲ್ಲಿಯ ಮುಕ್ತಛಂದವನ್ನು ಇಂಗ್ಲಿಷ್ ಕಾವ್ಯದ ಅನುಕರಣೆಯೆಂದಷ್ಟೇ ಬಗೆಯುವುದು ಸಾಲದು. ನೆಲದ ಮೇಲೆ ಸಲೀಸಾಗಿ ನಡೆದ ಸಮಪಾದವು ಓಲಾಡುವ ಹಡಗಿನಲ್ಲಿ ನಿಲ್ಲಲಾರದು. ಅಲೆಯ ಏರಿಳಿತಕ್ಕೆ ಒಗ್ಗುವಂತೆ ಸಾಲು ಹಿಗ್ಗಿ ಕುಗ್ಗಬೇಕಾಯಿತು. ಕಡಲು ಈ ಕವಿಗೆ ಬೇಗನೆ ಅನಂತತೆಯ ಸಂಕೇತವಾಗಿಬಿಡುತ್ತದೆ, ಹಡಗಿನ ದಿನಚರಿ ಮಸುಕಾಗುತ್ತದೆ ಎಂಬ ಆಕ್ಷೇಪಕ್ಕೆ ಎಡೆಯುಂಟು. ಆದರೂ ವರ್ಣನೆಯ ವಸ್ತುವಾಗಿದ್ದ ಕಡಲು ಇಲ್ಲಿ ಛಂದಸ್ಸಿನ ನಡೆಯನ್ನೇ ಬದಲಿಸಿತೆಂಬುದು ಗಮನಾರ್ಹ.