ಮೈಸೂರು ಆಕಾಶವಾಣಿಯ ಸ್ಮರಣ ಸಾಹಿತ್ಯ

ಗಣಕಯಂತ್ರಕ್ಕೆ ಮುಂಚಿನ ರೇಡಿಯೋ ಕಾಲವನ್ನು ನೆನೆದು ಬರೆಯುವ ಲೇಖನಗಳು ಕನ್ನಡದಲ್ಲಿ ಒಂದು ಪ್ರಕಾರವೆನ್ನಬಹುದಾದಷ್ಟು ಬೆಳೆದಿವೆ. ಮುಂಜಾನೆಯ ಸಂಕೇತನಾದ, ಉದ್ಘೋಷಕರ ತಿದ್ದಿದ ಉಚ್ಚಾರಣೆ, ಒಂದೇ ಪೆಟ್ಟಿಗೆಯ ಸುತ್ತ ನೆರೆಹೊರೆಯವರೆಲ್ಲ ಕುಳಿತ ಸಂಜೆ, ಇವು ಅವುಗಳಲ್ಲಿ ತಪ್ಪದೆ ಬರುವ ಸಾಮಗ್ರಿಗಳು. ಓದಲು ಹಿತವಾದ ಈ ಬರೆಹಗಳನ್ನು ಸಾಹಿತ್ಯವೆಂದೂ ಚರಿತ್ರೆಯ ಆಧಾರವೆಂದೂ ಒಟ್ಟಿಗೇ ಒಪ್ಪಿಬಿಡುವ ರೂಢಿಯುಂಟು. ಈ ಎರಡು ಬೆಲೆಗಳನ್ನು ಬೇರೆಬೇರೆಯಾಗಿ ತೂಗುವುದು ಅವಶ್ಯಕ. ಅದಕ್ಕೆ ಮೈಸೂರಿನ ನಿದರ್ಶನವು ತಕ್ಕುದಾಗಿದೆ.

ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಪ್ರಸಾರವನ್ನು ಆರಂಭಿಸಿದರು. ಯಂತ್ರದ ಶಕ್ತಿ ಮೊದಲು ಕೇವಲ 30 ವಾಟ್. ಅನಂತರ ಅದು 250 ವಾಟ್‌ಗೆ ಏರಿತು. 1942ರಲ್ಲಿ ನಿಲಯವನ್ನು ಮೈಸೂರು ಸರ್ಕಾರವು ವಹಿಸಿಕೊಂಡಿತು; 1950ರಲ್ಲಿ ಅದು ಅಖಿಲ ಭಾರತ ರೇಡಿಯೋ ವ್ಯವಸ್ಥೆಗೆ ಸೇರಿತು; 1955ರಲ್ಲಿ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ನಿಲಯ ದೊರೆತುದು 1974ರಲ್ಲಿ. ಮೈಸೂರಿನಲ್ಲಿ ಹುಟ್ಟಿದ 'ಆಕಾಶವಾಣಿ' ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಹೆಸರಾಯಿತು. ಆದರೆ ಆ ಹೆಸರನ್ನು ಸೂಚಿಸಿದವರು ಯಾರೆಂಬಲ್ಲಿಯೇ ಸ್ಮರಣೆಗಳು ಕವಲೊಡೆಯುತ್ತವೆ: ನಾ. ಕಸ್ತೂರಿಯವರೆಂದು ಕೆಲವರು, ಗೋಪಾಲಸ್ವಾಮಿಯವರೇ ಎಂದು ಕೆಲವರು. ನೆನಪು ಆಧಾರವಾಗಬೇಕಾದರೆ ಪರೀಕ್ಷೆಗೆ ಒಳಗಾಗಬೇಕೆಂಬುದಕ್ಕೆ ಇದೊಂದೇ ಸಾಕು.

ಮೇಲಣ ಕಾಲಾನುಕ್ರಮವನ್ನು ಲಕ್ಷ್ಯದಲ್ಲಿಟ್ಟು ನೋಡಿದರೆ, 'ಹಳೆಯ ರೇಡಿಯೋ' ಎಂಬ ಒಂದೇ ಮಾತಿನಲ್ಲಿ ಹಲವು ಕಾಲಗಳು ಬೆರೆತಿರುವುದು ಗೋಚರವಾಗುತ್ತದೆ. ಇಂದು ನಗರದೊಳಗೆ ಸೇರಿಹೋಗಿರುವ ಕೆಸರೆಯನ್ನೇ ತೆಗೆದುಕೊಳ್ಳಬಹುದು. ಒಂಟಿಕೊಪ್ಪಲಿನ ಪ್ರಯೋಗ ನಡೆದಾಗ ಅದು ಊರ ಹೊರಗಣ ಹಳ್ಳಿ. ಕವಾಟಗಳುಳ್ಳ ಅಂದಿನ ಪೆಟ್ಟಿಗೆಗೆ ವಿದ್ಯುಚ್ಛಕ್ತಿಯೋ ಭಾರವಾದ ಬ್ಯಾಟರಿಯೋ ಬೇಕು, ಪರವಾನಗಿ ಬೇಕು, ಕೊಳ್ಳಲು ಹಣವೂ ಬೇಕು. ಸಾಮಾನ್ಯರ ಮನೆಗೆ ರೇಡಿಯೋ ಬಂದುದು ಬಹುಮಟ್ಟಿಗೆ ಟ್ರಾನ್ಸಿಸ್ಟರಿನ ರೂಪದಲ್ಲಿ. ಅಂತಹ ಪೆಟ್ಟಿಗೆ ಜಗತ್ತಿನ ಮಾರುಕಟ್ಟೆಗೆ ಬಂದುದೇ 1954ರಲ್ಲಿ. ಅಷ್ಟರಲ್ಲಿ ನಿಲಯವು ಮೈಸೂರನ್ನು ಬಿಡುವ ಕಾಲ ಸಮೀಪಿಸಿತ್ತು. ಆದ್ದರಿಂದ 1960ರ ದಶಕದಲ್ಲಿ ಕೆಸರೆಯ ಜಗಲಿಯ ಮೇಲೆ ಕುಳಿತು ಕೇಳಿದವನ ಕಿವಿಗೆ ಬಿದ್ದುದು ಬೆಂಗಳೂರಿನ ನಿಲಯ, 1957ರಲ್ಲಿ ಆರಂಭವಾದ ವಿವಿಧ ಭಾರತಿ, ಸಿಲೋನಿನ ಗೀತೆಗಳು. ಅವನು ಇವನ್ನು 'ನಮ್ಮ ಮೈಸೂರಿನ ರೇಡಿಯೋ' ಎಂದು ನೆನೆದರೆ ಸುಳ್ಳಾಡಿದಂತಲ್ಲ; ಕೇಳಿದ ಸ್ಥಳವನ್ನು ನುಡಿದ ಸ್ಥಳಕ್ಕೆ ಆರೋಪಿಸುತ್ತಾನೆ, ಅಷ್ಟೆ. ಒಂಟಿಕೊಪ್ಪಲಿನ ನೆನಪು ಪ್ರಸಾರದ ಚರಿತ್ರೆಗೆ ಸಾಕ್ಷಿ. ಕೆಸರೆಯ ನೆನಪು ಶ್ರವಣದ ಚರಿತ್ರೆಗೆ ಸಾಕ್ಷಿ. ಇವೆರಡನ್ನು ಬೆರೆಸುವುದರಿಂದ ಎರಡಕ್ಕೂ ಹಾನಿಯುಂಟು.

ಇನ್ನು ಇವುಗಳ ಸಾಹಿತ್ಯಗುಣದ ವಿಚಾರ. ಭರತನು ಸ್ಮೃತಿಯನ್ನು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಒಂದಾಗಿ ಎಣಿಸಿದನೇ ಹೊರತು ಸ್ಥಾಯಿಯ ಪೀಠವನ್ನು ಅದಕ್ಕೆ ಕೊಡಲಿಲ್ಲ. ಸ್ಮೃತಿಯು ರತಿಯನ್ನೋ ಶೋಕವನ್ನೋ ಪೋಷಿಸಬಲ್ಲುದು, ತಾನೇ ರಸವಾಗಲಾರದು. ನೆನೆದೆನೆಂಬ ಮಾತ್ರದಿಂದಲೇ ಓದುಗನ ಮನಸ್ಸು ಕರಗುವುದೆಂದು ನಂಬಿದ ಲೇಖನಗಳು ಇಲ್ಲಿಯೇ ಸೋಲುತ್ತವೆ. 'ಆ ಕಂಠವನ್ನು ಮರೆಯುವಂತಿಲ್ಲ' ಎನ್ನುತ್ತಾರೆ. ಆ ಕಂಠವು ಯಾವ ಪದವನ್ನು ಹೇಗೆ ನುಡಿಯಿತು, ಎಲ್ಲಿ ನಿಲ್ಲಿಸಿತು, ವಾಕ್ಯದ ಯಾವ ಭಾಗಕ್ಕೆ ಒತ್ತು ಕೊಟ್ಟಿತು ಎಂಬುದನ್ನು ಹೇಳುವುದಿಲ್ಲ. ವಿಭಾವವಿಲ್ಲದ ಇಂತಹ ಭಾವವು ಬರಿಯ ಹಳಹಳಿಕೆಯಾಗಿ ಉಳಿಯುತ್ತದೆ.

ಹಾಗೆಂದು ಈ ಹಳಹಳಿಕೆಗೆ ಕಾರಣವೇ ಇಲ್ಲವೆನ್ನಲಾಗದು. ನಾಲ್ಕು ಬಗೆಯ ಅಭಿನಯಗಳಲ್ಲಿ ಆಂಗಿಕಾಹಾರ್ಯಗಳೆರಡೂ ರೇಡಿಯೋ ನಾಟಕಕ್ಕೆ ಇಲ್ಲ. ಸಾತ್ತ್ವಿಕವೂ ಸ್ವರಭೇದದಂತೆ ಕಂಠದಲ್ಲಿ ತೋರುವಷ್ಟೇ ಕೇಳುಗನಿಗೆ ಲಭ್ಯ. ಭಾರವೆಲ್ಲ ವಾಚಿಕದ ಮೇಲೆ. ಗ್ರಾಮಫೋನ್ ತಟ್ಟೆಗಳನ್ನು ಬಿಟ್ಟರೆ ಆರಂಭದ ಪ್ರಸಾರವು ಬಹುತೇಕ ನೇರವಾಗಿಯೇ ನಡೆಯುತ್ತಿತ್ತು. ಆಡಿದ ಮಾತನ್ನು ಹಿಂದಕ್ಕೆ ತೆಗೆದು ತಿದ್ದುವ ಉಪಾಯವಿರಲಿಲ್ಲ. ಆದಕಾರಣ ಬರೆದವನು ಉಸಿರಿನ ಅಳತೆಗೆ ವಾಕ್ಯವನ್ನು ಕಟ್ಟಬೇಕಾಯಿತು. ಓದುವವನು ಮುಂಚಿತವಾಗಿ ಸಾಧನೆ ಮಾಡಬೇಕಾಯಿತು. ಗ್ರಂಥದ ಕನ್ನಡಕ್ಕೂ ಮನೆಯ ಕನ್ನಡಕ್ಕೂ ನಡುವೆ ಕೇಳಿದೊಡನೆ ಅರ್ಥವಾಗುವ ಗಂಭೀರ ಗದ್ಯವೊಂದು ಹದಗೊಳ್ಳಲು ಈ ನಿರ್ಬಂಧವು ನೆರವಾಯಿತೆನ್ನಬೇಕು. ಇಂದು ಗಣಕಯಂತ್ರದಲ್ಲಿ ತಡವರಿಕೆಯನ್ನು ಕತ್ತರಿಸಿ, ಕಾರ್ಯಕ್ರಮವನ್ನು ಜೋಡಿಸಿಟ್ಟು, ನಿಯತವಾದ ಹೊತ್ತಿಗೆ ತಾನಾಗಿ ಹೊರಡುವಂತೆ ಮಾಡಬಹುದು. ಸೌಕರ್ಯ ಹೆಚ್ಚಿತು, ನುಡಿಯುವವನೂ ಕೇಳುವವನೂ ಒಂದೇ ಕ್ಷಣದಲ್ಲಿ ಇದ್ದಾರೆಂಬ ಭರವಸೆ ಕುಗ್ಗಿತು. ಹಳೆಯ ಕೇಳುಗರು ಹಂಬಲಿಸುವುದು ಯಂತ್ರಕ್ಕಲ್ಲ, ಈ ಸಹವರ್ತಿತ್ವಕ್ಕೆ. ಉತ್ತಮವಾದ ಸ್ಮರಣ ಲೇಖನಗಳು ಇದನ್ನು ಅರಿತು ನುಡಿಯುತ್ತವೆ.

ಆದರೆ ಆ ಸಹವರ್ತಿತ್ವಕ್ಕೆ ತೆತ್ತ ಬೆಲೆಯೂ ದೊಡ್ಡದು. ನೇರವಾಗಿ ಹೋದ ನುಡಿ ಗಾಳಿಯಲ್ಲಿಯೇ ಹೋಯಿತು. ಮುಂದೆ ಧ್ವನಿಸುರುಳಿ ಬಂದ ಮೇಲೆಯೂ ಒಂದರ ಮೇಲೊಂದನ್ನು ಅಳಿಸಿ ಮುದ್ರಿಸುವ ಪದ್ಧತಿಯಿಂದ ಎಷ್ಟೋ ದನಿಗಳು ಅಳಿದವು. ಕಳೆದುದನ್ನು ಕೊಂಡಾಡುವ ಲೇಖನವು, ಉಳಿಸಬಲ್ಲ ಯಂತ್ರವನ್ನೇ ಕಳೆದವನೆಂದು ದೂರುವುದರಲ್ಲಿ ವಿಪರೀತವಾದ ನ್ಯಾಯವಿದೆ. ಉಳಿದ ಸುರುಳಿಗಳನ್ನು ಇಂದು ಸವೆತದಿಂದ ಕಾಪಾಡಿ ಪ್ರತಿಮಾಡುವ ಸಾಧನವೂ ಆ ಗಣಕಯಂತ್ರವೇ.

ಹೀಗಿರಲು ವಿದ್ವಾಂಸರ ಕರ್ತವ್ಯ ಸ್ಪಷ್ಟವಾಗಿದೆ. ರೇಡಿಯೋಗಾಗಿ ಬರೆದ ಭಾಷಣ ರೂಪಕಗಳ ಹಸ್ತಪ್ರತಿಗಳನ್ನು, ಓದುವವರು ಮಾಡಿಕೊಂಡ ವಿರಾಮಚಿಹ್ನೆ ತಿದ್ದುಪಡಿಗಳ ಸಹಿತವಾಗಿ, ಸಂಗ್ರಹಿಸಬೇಕು. ಅಚ್ಚಾದ ಪಾಠಕ್ಕೂ ನುಡಿದ ಪಾಠಕ್ಕೂ ಇರುವ ಭೇದವನ್ನು ಶಾಸನಗಳ ಪಾಠಾಂತರಗಳಷ್ಟೇ ಶ್ರದ್ಧೆಯಿಂದ ಗುರುತಿಸಬೇಕು. ಹಿರಿಯ ಕೇಳುಗರ ನೆನಪುಗಳನ್ನು, ಯಾವ ವರ್ಷ, ಯಾವ ಬೀದಿ, ಯಾರ ಪೆಟ್ಟಿಗೆ ಎಂಬ ವಿವರದೊಡನೆ ಬರೆದುಕೊಳ್ಳಬೇಕು. ಆ ಪೀಳಿಗೆ ಬಹುಕಾಲ ಕಾಯದು. ಸಾಹಿತ್ಯ ಬೋಧಕರು ಒಂದು ರೇಡಿಯೋ ರೂಪಕವನ್ನು ತರಗತಿಯಲ್ಲಿ ಮೌನವಾಗಿ ಓದಿಸದೆ ಗಟ್ಟಿಯಾಗಿ ನುಡಿಸಿದರೆ, ಅದರ ವಾಕ್ಯಗಳು ಏಕೆ ಗಿಡ್ಡವಾಗಿವೆ, ಹೆಸರುಗಳು ಏಕೆ ಮರುಕಳಿಸುತ್ತವೆ ಎಂಬುದು ವಿದ್ಯಾರ್ಥಿಗಳ ಕಿವಿಗೇ ತಿಳಿದೀತು. ಆಗ ಸ್ಮೃತಿಯು ವ್ಯಭಿಚಾರಿಯಾಗಿ ಅಲೆಯದೆ ವಿಮರ್ಶೆಗೆ ಊರೆಗೋಲಾಗುವುದು.